ಜೋಗ್ಜಾದಲ್ಲಿ ಚಿತ್ರಕಾರರು ಕಟ್ಟಿಕೊಂಡ ಮನೆಗಳು

ಇಂಡೋನೇಷ್ಯಾ ಅಂದ ಕೂಡಲೇ ನಮ್ಮಲ್ಲಿ ಎಲ್ಲರೂ ಬಾಲಿ ಅನ್ನುತ್ತಾರೆ. ಚಿತ್ರ, ಗೊಂಬೆ, ಅಚ್ಚು ಅಂದರೆ ಪ್ರಾಣ ಬಿಡುವವರು ಹೋಗಬೇಕಾದ ಊರು ಬೇರೆ ಇದೆ. ಅದು ಜಾವಾ ದ್ವೀಪದ ಯೋಗ್ಯಕರ್ತಾ. ಅಲ್ಲಿನವರ ಬಾಯಲ್ಲಿ ಜೋಗ್ಜಾ. ಧಾರವಾಡದಲ್ಲಿ ಡ್ರಾಯಿಂಗ್ ಟೀಚರ್ ಆಗಿರುವ ನನ್ನ ತಂಗಿ ಬಹಳ ದಿನದಿಂದ ಈ ಊರಿನ ಜಪ ಮಾಡುತ್ತಿದ್ದಳು. ಕೊನೆಗೂ ಜನವರಿಯಲ್ಲಿ ಇಬ್ಬರೂ ಹೊರಟೆವು. ಬೆಂಗಳೂರಿನಿಂದ ಕೌಲಾಲಂಪುರ, ಅಲ್ಲಿಂದ ಜೋಗ್ಜಾ. ವಿಮಾನ ನಿಲ್ದಾಣ ಊರಿಂದ ದೂರ. ಆದರೆ ಅಲ್ಲಿಂದಲೇ ರೈಲು ಸಿಗುತ್ತದೆ, ಮುಕ್ಕಾಲು ಗಂಟೆಯೊಳಗೆ ತುಗು ಸ್ಟೇಷನ್ನಿಗೆ ತಂದುಬಿಡುತ್ತದೆ. ಟ್ಯಾಕ್ಸಿಯ ಗೊಡವೆ ಬೇಡ.

ಜನವರಿ ಅಲ್ಲಿ ಜಡಿಮಳೆಯ ತಿಂಗಳು. ಬೆಳಿಗ್ಗೆ ಬಿಸಿಲು, ಊಟದ ಹೊತ್ತಿಗೆ ಮೋಡ, ಮಧ್ಯಾಹ್ನ ಸುರಿಮಳೆ. ಮಳೆಯನ್ನು ನೋಡಿಕೊಂಡೇ ನಮ್ಮ ಓಡಾಟ ನಡೆಯಿತು.

ಬುಧವಾರ: ಹೊಳೆ ದಂಡೆಯ ಅಫಾಂಡಿ

ಅಫಾಂಡಿ ಮ್ಯೂಸಿಯಂ ಇರೋದು ಗಾಜಾ ವೊಂಗ್ ಹೊಳೆಯ ದಂಡೆಯಲ್ಲಿ, ಗಿಜಿಗುಡುವ ಹೆದ್ದಾರಿಯ ಪಕ್ಕದಲ್ಲೇ. ಒಳಗೆ ಹೋದರೆ ಬಾಳೆ ಎಲೆಯ ಆಕಾರದಲ್ಲಿ ಬಾಗಿದ ಚಾವಣಿಗಳು, ಮರಗಳು, ತಂಪು. ಈ ಮನೆಯನ್ನು, ಗ್ಯಾಲರಿಯನ್ನು ಚಿತ್ರಕಾರ ಅಫಾಂಡಿ ತಾವೇ ಯೋಚಿಸಿ, ನಿಂತು ಕಟ್ಟಿಸಿದರು. 1962ರಲ್ಲಿ ಮೊದಲ ಗ್ಯಾಲರಿ ಆಯಿತು, ಉಳಿದದ್ದು ಆಮೇಲೆ ಒಂದೊಂದಾಗಿ ಸೇರಿಕೊಂಡಿತು. ನನ್ನ ಚಿತ್ರಗಳನ್ನು ಸರ್ಕಾರ ಒಂದು ದಿನ ಮ್ಯೂಸಿಯಂನಲ್ಲಿ ಇಡಲಿ ಅಂತ ಅವರು ಕಾಯುತ್ತಾ ಕೂರಲಿಲ್ಲ.

1907ರಲ್ಲಿ ಚಿರೆಬೊನ್‌ನಲ್ಲಿ ಹುಟ್ಟಿದವರು. ಬಾಂಡುಂಗ್‌ನಲ್ಲಿ ಸಿನಿಮಾ ಮಂದಿರದ ಟಿಕೆಟ್ ಹರಿಯುವ ಕೆಲಸ ಮಾಡಿದರು, ಸಿನಿಮಾ ಬೋರ್ಡು ಬರೆದರು. ಬೋರ್ಡಿಗೆ ಬಳಿದು ಉಳಿದ ಬಣ್ಣದಲ್ಲಿ ಬಣ್ಣ ಹಚ್ಚೋದು ಕಲಿತ ಮನುಷ್ಯ. 1945ರ ಸ್ವಾತಂತ್ರ್ಯದ ಹೊತ್ತಿಗೆ ಸರಪಳಿ ಹರಿಯುತ್ತಿರುವ ಯುವಕನ ಪೋಸ್ಟರ್ ಬರೆದದ್ದು ಇವರೇ. ಅದಕ್ಕೆ ರೂಪದರ್ಶಿಯಾಗಿ ನಿಂತವನು ದುಲ್ಲಾ ಎಂಬ ಇನ್ನೊಬ್ಬ ಚಿತ್ರಕಾರ. ಪೋಸ್ಟರ್ ಮೇಲಿನ ಮಾತು ಕೊಟ್ಟದ್ದು ಕವಿ ಖೈರಿಲ್ ಅನ್ವರ್.

ಭಾರತಕ್ಕೂ ಬಂದಿದ್ದರು. 1949ರಲ್ಲಿ ನಮ್ಮ ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಶಾಂತಿನಿಕೇತನಕ್ಕೆ ಕಲಿಯಲು ಬಂದರೆ, ಇವರಿಗೆ ಇನ್ನು ಕಲಿಸುವುದು ಏನೂ ಇಲ್ಲ ಅಂತ ಅಲ್ಲಿನವರು ಕೈ ಚೆಲ್ಲಿದರಂತೆ. ಆ ಹಣದಲ್ಲಿ 1951ರವರೆಗೆ ದೇಶ ಸುತ್ತಿ, ಚಿತ್ರ ಬರೆದು, ಪ್ರದರ್ಶನ ಮಾಡಿದರು. ಇಟಲಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾ ಪ್ರದರ್ಶನ ವೆನಿಸ್ ಬಿಯೆನ್ನಾಲೆಗೆ 1954ರಲ್ಲಿ ಹೋದದ್ದು ಇದಾದ ಮೇಲೆ.

ಒಂದು ಆತ್ಮಚಿತ್ರದ ಮುಂದೆ ತಂಗಿ ಕದಲದೆ ನಿಂತುಬಿಟ್ಟಳು. ಅಫಾಂಡಿ ಮೊದಮೊದಲು ಕುಂಚ ಬಳಸಿದರೂ ಆಮೇಲೆ ಅದನ್ನು ಬಿಟ್ಟರು. ಬಣ್ಣದ ಟ್ಯೂಬನ್ನೇ ಕ್ಯಾನ್ವಾಸಿನ ಮೇಲೆ ಹಿಂಡಿ, ಬೆರಳು, ಅಂಗೈ, ಮಣಿಕಟ್ಟಿನಿಂದ ಎಳೆಯುತ್ತಿದ್ದರು. ಹತ್ತಿರ ಹೋದರೆ ಮುಖವೇ ಕಾಣುವುದಿಲ್ಲ. ಕಪ್ಪು, ಹಳದಿ, ಕೆಂಪು ಬಣ್ಣ ಆಗತಾನೇ ಉತ್ತ ಹೊಲದ ಸಾಲುಗಳಂತೆ ಎದ್ದು ನಿಂತಿದೆ. ಹುಬ್ಬಿನ ಹತ್ತಿರ ಹಳದಿಯ ಒಂದು ಎಳೆ ಟ್ಯೂಬಿನಿಂದ ಬಿದ್ದ ಹಾಗೇ ಸುರುಳಿಯಾಗಿ ಉಳಿದಿದೆ, ಅದನ್ನು ಯಾರೂ ಒರೆಸಿಲ್ಲ. ಕೆನ್ನೆಯಲ್ಲಿ ಮಾತ್ರ ಬೆರಳು ಜಾರಿ ಬಣ್ಣ ತೆಳ್ಳಗಾಗಿ, ಕ್ಯಾನ್ವಾಸಿನ ನೇಯ್ಗೆ ಕಾಣುತ್ತದೆ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಒಬ್ಬ ಮುದುಕ ನಿಮ್ಮನ್ನೇ ದಿಟ್ಟಿಸುತ್ತಿದ್ದಾನೆ. ಪುಸ್ತಕದಲ್ಲಿ ನೋಡಿದಾಗ ಇದರಲ್ಲಿ ಅರ್ಧವೂ ಸಿಕ್ಕಿರಲಿಲ್ಲ.

ಮಧ್ಯಾಹ್ನ ಮಳೆ ಶುರುವಾಯಿತು. ಕಾವಲಿನ ಹೆಂಗಸು ಕಿಟಕಿಗಳನ್ನು ನೋಡಿಕೊಂಡು ಬಂದರು. ಚಿತ್ರಗಳಿಗೆ ಬೂಷ್ಟು ಹಿಡಿಯದ ಹಾಗೆ ಕಾಯೋದೇ ಮಳೆಗಾಲದ ದೊಡ್ಡ ಕೆಲಸ ಅಂದರು. ಮಲೆನಾಡಿನಲ್ಲಿ ಬೆಳೆದ ನಮಗೆ ಬೂಷ್ಟಿನ ಸಂಕಟ ಚೆನ್ನಾಗಿ ಗೊತ್ತು, ಹಾಗಾಗಿ ಮಾತು ಬೆಳೆಯಿತು. ಅಫಾಂಡಿಯ ಕಾರು ತೋರಿಸಿದರು, ಮೀನಿನ ಆಕಾರಕ್ಕೆ ತಿದ್ದಿಸಿದ 1976ರ ಮಿತ್ಸುಬಿಷಿ. ಅಫಾಂಡಿಯ, ಹೆಂಡತಿ ಮರ್ಯಾತಿಯ ಸಮಾಧಿ ಇರುವುದು ಇದೇ ಅಂಗಳದಲ್ಲಿ, ಗ್ಯಾಲರಿಗಳ ನಡುವೆ. ಮರ್ಯಾತಿಯ ಕಸೂತಿ ಚಿತ್ರಗಳೂ ಇಲ್ಲಿವೆ, ಅವಸರದಲ್ಲಿ ದಾಟಿ ಹೋಗಬೇಡಿ. ಮಗಳು ಕಾರ್ತಿಕಾ ಕೂಡ ದೊಡ್ಡ ಚಿತ್ರಕಾರ್ತಿ, ಅಪ್ಪನ ಹಾಗೆಯೇ ಬೆರಳಲ್ಲಿ ಬರೆಯುವವರು. ಮೆರಾಪಿ ಬೆಟ್ಟದ ತಪ್ಪಲಲ್ಲಿ ಅವರದೇ ಮ್ಯೂಸಿಯಂ ಇದೆ.

ಗುರುವಾರ: ಮುಂಗೋಣೆಯಲ್ಲಿ ಶುರುವಾದ ಗ್ಯಾಲರಿ

ಬೆಳಿಗ್ಗೆ ವಿಜಿಲಾನ್ ಬೀದಿಗೆ ಹೋಗಿ ಗುಡೆಗ್ ತಿಂದೆವು. ಎಳೆ ಹಲಸು, ಅಂದರೆ ನಮ್ಮ ಕರಾವಳಿಯ ಗುಜ್ಜೆ. ತೆಂಗಿನ ಹಾಲು, ತಾಳೆ ಬೆಲ್ಲ ಹಾಕಿ ಗಂಟೆಗಟ್ಟಲೆ ಬೇಯಿಸಿ ಕಂದು ಬಣ್ಣಕ್ಕೆ ತಂದಿರುತ್ತಾರೆ. ಸಿಹಿ ಜಾಸ್ತಿ, ಎರಡನೇ ತುತ್ತಿಗೆ ನಾಲಿಗೆ ಒಗ್ಗುತ್ತದೆ. ಸಸ್ಯಾಹಾರಿಗಳು ಒಂದು ಮಾತು ನೆನಪಿಡಬೇಕು. ಜೊತೆಗೆ ಬಡಿಸುವ ಕೆಂಪು ಖಾರದ ಕ್ರೆಚೆಕ್ ಅನ್ನೋದು ದನದ ಇಲ್ಲವೇ ಎಮ್ಮೆಯ ಚರ್ಮ. ಸಾಂಬಾಲ್ ಚಟ್ನಿಯಲ್ಲಿ ಸಿಗಡಿಯ ತೆರಾಸಿ ಇರುತ್ತದೆ. ‘ತನ್ಪಾ ಕ್ರೆಚೆಕ್, ತನ್ಪಾ ತೆರಾಸಿ’ ಅಂದರೆ ಅವೆರಡನ್ನೂ ಬಿಟ್ಟು ಕೊಡುತ್ತಾರೆ. ನಮಗೆ ಬಡಿಸಿದ ಅಜ್ಜಿ ಕ್ರೆಚೆಕ್ ಬದಲು ಇನ್ನೊಂದು ತುಂಡು ತೆಂಪೆ, ಅಂದರೆ ಹುದುಗಿಸಿದ ಸೋಯಾ ಕಾಳಿನ ಗಟ್ಟಿ ಹಾಕಿ, ದುಡ್ಡು ಬೇಡ ಅಂದರು.

ಅಲ್ಲಿಂದ ಅರಮನೆಯ ಕೋಟೆಗೋಡೆ ದಾಟಿ ದಕ್ಷಿಣಕ್ಕೆ ನಡೆದರೆ ಪಂಜೈತಾನ್ ರಸ್ತೆ, ಅಲ್ಲಿ ಚೆಮೆತಿ. 1988ರಲ್ಲಿ ಮೆಲ್ಲಾ ಯಾರ್ಸ್ಮಾ, ನಿಂದಿತ್ಯೊ ಆದಿಪುರ್ನೊಮೊ ಎಂಬ ಗಂಡ ಹೆಂಡತಿ ಇದನ್ನು ತಮ್ಮ ಮನೆಯ ಮುಂಗೋಣೆಯಲ್ಲಿ ಶುರು ಮಾಡಿದರು. ಮೆಲ್ಲಾ ಹಾಲೆಂಡಿನಲ್ಲಿ ಹುಟ್ಟಿದವರು, ನಿಂದಿತ್ಯೊ ಜಾವಾದವರು. ಸರ್ವಾಧಿಕಾರಿ ಸುಹಾರ್ತೊ ಆಳ್ವಿಕೆಯ ಕಾಲ. ಗೋಡೆಗೆ ನೇತುಹಾಕುವ ಚಿತ್ರ ಬಿಟ್ಟು ಬೇರೇನಾದರೂ ಮಾಡುವ ಹುಡುಗ ಹುಡುಗಿಯರಿಗೆ ತೋರಿಸಲು ಜಾಗವೇ ಇರಲಿಲ್ಲ. ಇಂದು ಲೋಕ ಹೆಸರಿಸುವ ಎಷ್ಟೋ ಇಂಡೋನೇಷ್ಯಾ ಕಲಾವಿದರು ಹಾದು ಬಂದದ್ದು ಚೆಮೆತಿಯ ಬಾಗಿಲಿನಿಂದಲೇ. ಈಗಿನ ಕಟ್ಟಡ ವಾಸ್ತುಶಿಲ್ಪಿ ಏಕೊ ಪ್ರವೊತೊ ಅವರದು. ಅಕ್ಕಪಕ್ಕದ ಮನೆಗಳ ಸಾಲಿನಲ್ಲಿ ಸುಮ್ನೆ ಸೇರಿಕೊಂಡಿದೆ.

ನಾವು ಹೋದಾಗ ಹೊಸ ಪ್ರದರ್ಶನಕ್ಕೆ ಗೋಡೆ ಬಳಿಯುತ್ತಿದ್ದರು, ನೋಡಲು ಏನೂ ಇರಲಿಲ್ಲ. ಬಳಿಯುತ್ತಿದ್ದ ಹುಡುಗ ಏಣಿಯಿಂದ ಇಳಿದು, ಟೀ ಕೊಟ್ಟು, ಹಳೆಯ ಕ್ಯಾಟಲಾಗುಗಳ ಕಪಾಟು ತೋರಿಸಿದ. ಮಳೆ ಬಂತು, ಅಲ್ಲೇ ಕುಳಿತು ಓದಿದೆವು. ಹೋಗುವ ಮೊದಲು ಒಂದು ಮೆಸೇಜ್ ಹಾಕಿ ಏನು ನಡೆಯುತ್ತಿದೆ ಅಂತ ಕೇಳಿಕೊಳ್ಳುವುದು ಒಳ್ಳೆಯದು. ನನಗಂತೂ ಆ ಕಪಾಟೇ ದೊಡ್ಡ ಪ್ರದರ್ಶನ ಆಯಿತು.

ಅಲ್ಲಿ ಸಿಕ್ಕಿದ್ದು ಮೆಲ್ಲಾ ಅವರ 1998ರ ಕೆಲಸ. ಆ ಮೇ ತಿಂಗಳಲ್ಲಿ ಜಕಾರ್ತಾದಲ್ಲಿ ಚೀನೀ ಮೂಲದವರ ಅಂಗಡಿ, ಮನೆಗಳನ್ನು ಸುಟ್ಟರು. ಹೆಂಗಸರ ಮೇಲೆ ಅತ್ಯಾಚಾರ ನಡೆಯಿತು. ಅದಾದ ಕೆಲವೇ ವಾರಕ್ಕೆ ಮೆಲ್ಲಾ ಜೋಗ್ಜಾದ ಮಲಿಯೊಬೊರೊ ಬೀದಿಯಲ್ಲಿ ಒಲೆ ಹೂಡಿಸಿ, ಕಪ್ಪೆಯ ಕಾಲು ಹುರಿಸಿ, ಹೋಗಿಬರುವವರಿಗೆ ಕೊಡಿಸಿದರು. ಕಪ್ಪೆ ಚೀನೀಯರಿಗೆ ರುಚಿ, ಮುಸ್ಲಿಮರಿಗೆ ನಿಷಿದ್ಧ. ತಿನ್ನುತ್ತೀರಾ, ಬೇಡವಾ, ಯಾಕೆ ಬೇಡ? ಬೀದಿಯಲ್ಲೇ ಮಾತು ಎದ್ದಿತು. ಮರುವರ್ಷ ಕಪ್ಪೆ, ಕೋಳಿಕಾಲು, ಮೀನು, ಕಾಂಗರೂ ಚರ್ಮದಿಂದ ಮೈ ಮುಚ್ಚುವ ನಿಲುವಂಗಿಗಳನ್ನು ಮಾಡಿ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ತೋರಿಸಿದರು. ಅದನ್ನು ತೊಟ್ಟವರ ಕಣ್ಣು ಮಾತ್ರ ಕಾಣುತ್ತದೆ. ಇನ್ನೊಬ್ಬರ ಚರ್ಮದೊಳಗೆ ಹೊಕ್ಕು ಲೋಕ ನೋಡುವುದು ಅಂದರೆ ಇದೇ. ಏನು ತಿನ್ನುತ್ತೀರಿ ಅಂತ ಕೇಳಿ ಬಾಡಿಗೆ ಮನೆ ಕೊಡುವ ನಮ್ಮ ಊರುಗಳಿಗೂ ಈ ಕೆಲಸ ಬರಬೇಕು ಅಂತ ನನಗೆ ಬಲವಾಗಿ ಅನ್ನಿಸಿತು.

ರಾತ್ರಿ ಸೊನೊಬುದೊಯೊ ಮ್ಯೂಸಿಯಂನಲ್ಲಿ ವಯಾಂಗ್ ಕುಲಿತ್, ತೊಗಲುಗೊಂಬೆ ಆಟ. ನಮ್ಮ ತೊಗಲುಗೊಂಬೆಯ ಚರ್ಮ ತೆಳ್ಳಗೆ, ಬಣ್ಣವೇ ಪರದೆಯ ಮೇಲೆ ಹೊಳೆಯುತ್ತದೆ. ಜಾವಾದವರದು ದಪ್ಪ ಎಮ್ಮೆ ಚರ್ಮ, ಅದರ ತುಂಬಾ ಕಸೂತಿಯ ಹಾಗೆ ತೂತು. ನೆರಳು ಕಪ್ಪು. ಆದರೂ ಗೊಂಬೆಗೆ ಚಿನ್ನದ ಬಣ್ಣ ಬಳಿದಿರುತ್ತಾರೆ, ಯಾಕೆಂದರೆ ಪರದೆಯ ಎರಡೂ ಕಡೆ ಕೂತು ನೋಡಬಹುದು. ನೆರಳಿನ ಕಡೆ ಸ್ವಲ್ಪ ಹೊತ್ತು ಕೂತು, ಆಮೇಲೆ ದಾಲಾಂಗ್, ಅಂದರೆ ಗೊಂಬೆಯಾಡಿಸುವವರ ಕಡೆಗೆ ಹೋಗಿ. ಒಂದೇ ಕೈಯಲ್ಲಿ ಅರ್ಜುನನನ್ನೂ ರಾಕ್ಷಸನನ್ನೂ ಹಿಡಿದು, ಕಾಲಿನ ಬೆರಳಲ್ಲಿ ಲೋಹದ ತಗಡು ಬಡಿಯುತ್ತಿರುತ್ತಾರೆ.

ಕಲಾವಿದ ಹೆರಿ ದೊನೊ ನೆನಪಾದರು. 1960ರಲ್ಲಿ ಹುಟ್ಟಿದವರು, ಜೋಗ್ಜಾದ ಕಲಾ ಸಂಸ್ಥೆಯಲ್ಲಿ ಏಳು ವರ್ಷ ಓದಿ, ಡಿಗ್ರಿ ಮುಗಿಸದೆ ಹೊರಬಂದು, ಸುಕಾಸ್ಮಾನ್ ಎಂಬ ಗೊಂಬೆ ಗುರುಗಳ ಹತ್ತಿರ ವಯಾಂಗ್ ಕಲಿತರು. ಆಮೇಲೆ ಹಳೆಯ ರೇಡಿಯೊ, ಮೋಟಾರು, ಬಲ್ಬುಗಳನ್ನು ಗೊಂಬೆಯ ಮೈಗೆ ಸೇರಿಸಿದರು. 2015ರ ವೆನಿಸ್ ಬಿಯೆನ್ನಾಲೆಗೆ ಇವರು ಒಯ್ದದ್ದು ಟ್ರಾಯ್ ಕುದುರೆಯೂ ಕೊಮೊಡೊ ಉಡವೂ ಕೂಡಿದ ಒಂದು ಭಾರಿ ಪ್ರಾಣಿ, ಹೆಸರು ‘ತ್ರೊಕೊಮೊದ್’. ಹಳ್ಳಿಯ ಆಟವನ್ನು ಗಾಜಿನ ಪೆಟ್ಟಿಗೆಯಲ್ಲಿ ಕೂರಿಸದೆ, ಅದರ ಕೈಕಾಲಿಗೆ ಹೊಸ ತಂತಿ ಜೋಡಿಸಿದವರು.

ಶುಕ್ರವಾರ: ಬಂತುಲ್‌ನ ದಾರಿ

ಬಾಡಿಗೆ ಬೈಕಿನಲ್ಲಿ ದಕ್ಷಿಣಕ್ಕೆ ಹೊರಟೆವು. ಎರಡೂ ಕಡೆ ಗದ್ದೆ, ನಡುನಡುವೆ ಮೂರ್ತಿ ಕೆತ್ತುವ, ಬುಟ್ಟಿ ಹೆಣೆಯುವ, ಗೇರುಬಣ್ಣದ ಮಡಕೆ ಸುಡುವ ಮನೆಗಳು. ಶುಕ್ರವಾರ ಮಧ್ಯಾಹ್ನ ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲ ಕಡೆ ಕೆಲಸ ನಿಲ್ಲುತ್ತದೆ, ಅದಕ್ಕೆ ಬೆಳಿಗ್ಗೆಯೇ ತಲುಪಬೇಕು. ನಮ್ಮ ಬೈಕು ಅರ್ಧ ದಾರಿಯಲ್ಲಿ ಪಂಕ್ಚರ್ ಆಯಿತು. ಗದ್ದೆ ಬದಿಯಲ್ಲಿ ಒಂದು ತಗಡಿನ ಗೂಡು, ಒಳಗೆ ಟ್ಯೂಬು, ಸೀಮೆಎಣ್ಣೆ, ಒಬ್ಬ ಹಿರಿಯ. ಅವರು ಟ್ಯೂಬಿಗೆ ಬಿಸಿ ಒತ್ತುವಾಗ ಮಳೆ ಬಂತು.

ಫೋನಿನ ಅನುವಾದದಲ್ಲಿ ಮಾತಾಡಿದೆವು. 2006ರ ಮೇ 27ರ ಬೆಳಗಿನ ಭೂಕಂಪ ಅವರ ಮನೆಯನ್ನೂ ಬೀಳಿಸಿತ್ತು. ಆ ದಿನ ಈ ಸೀಮೆಯಲ್ಲಿ ಐದು ಸಾವಿರಕ್ಕೂ ಹೆಚ್ಚು ಜನ ಸತ್ತರು. ಚೆಮೆತಿ ಕಟ್ಟಿದ ಅದೇ ಏಕೊ ಪ್ರವೊತೊ, ಬಂತುಲ್‌ನ ಗಿಬಿಕಾನ್ ಹಳ್ಳಿಯಲ್ಲಿ ಊರವರ ಜೊತೆ ಸೇರಿ, ಬಿದ್ದ ಮನೆಗಳ ಮರ, ಇಟ್ಟಿಗೆಯನ್ನೇ ಬಳಸಿ ಮನೆ ಎಬ್ಬಿಸಿದ್ದರು. ಹಿರಿಯರಿಗೆ ಅವರ ಹೆಸರು ಗೊತ್ತಿತ್ತು. ‘ಇಲ್ಲಿಗೆ ಬಂದ ಚಿತ್ರಕಾರರು ಕಲ್ಲೂ ಹೊತ್ತರು’ ಅಂದರು.

ಮುದ್ರಣ ಮಾಡುವ ಒಂದು ಯುವಕರ ಗುಂಪು ನಮ್ಮನ್ನು ಬರಹೇಳಿತ್ತು. ಇದು ಚುಕಿಲ್, ಮರದ ಅಚ್ಚು. ನೋಡಲೇಬೇಕಾದ ಕೆಲಸ. ಬಾಗಿಲಿನಷ್ಟು ದೊಡ್ಡ ಹಲಗೆ ನೆಲದ ಮೇಲೆ. ಅದರಲ್ಲಿ ಭತ್ತದ ತೆನೆ, ಸಿಮೆಂಟ್ ಲಾರಿ, ಕೈ ಎತ್ತಿದ ಹೆಂಗಸರು, ಎಲ್ಲ ತಿರುಗುಮುರುಗಾಗಿ ಕೆತ್ತಿದೆ. ಒಬ್ಬಳು ರೋಲರಿನಲ್ಲಿ ಕಪ್ಪು ಶಾಯಿ ಹಚ್ಚಿದಳು, ಚಪ್ಪರಿಸಿದ ಸದ್ದು ಬರುವ ತನಕ. ಬಿಳಿ ಬಟ್ಟೆ ಹಾಸಿದರು, ಮೇಲೊಂದು ಚಾಪೆ. ಆಮೇಲೆ ಯಾರೋ ಹಾಡು ಹಾಕಿದರು, ಎಲ್ಲರೂ ಬರಿಗಾಲಲ್ಲಿ ಅದರ ಮೇಲೆ ಹತ್ತಿ ಕುಣಿದರು. ಪ್ರೆಸ್ಸಿಲ್ಲ, ಯಂತ್ರವಿಲ್ಲ, ಜನರ ಭಾರವೇ ಪ್ರೆಸ್ಸು. ಹಿಮ್ಮಡಿ ಒತ್ತಿದ ಕಡೆ ಕಪ್ಪು ಗಾಢ. ತಂಗಿಯನ್ನೂ ಎಳೆದುಕೊಂಡರು. ಮೂಲೆಗಳನ್ನು ಮಾತ್ರ ಒಬ್ಬ ಮಂಡಿಯೂರಿ ಚಮಚದ ಬೆನ್ನಿನಿಂದ ಉಜ್ಜಿದ. ಬಟ್ಟೆ ಎತ್ತಿದಾಗ ಒಂದು ಕಡೆ ಒದ್ದೆ ಗಾಳಿಗೆ ಶಾಯಿ ಹಿಡಿಯದೆ ಬೂದಿಬಣ್ಣ ಆಗಿತ್ತು. ಅದನ್ನು ಎಸೆಯಲಿಲ್ಲ, ಅದೂ ಒಂದು ಪ್ರತಿ ಅಂತ ತಂತಿಗೆ ಒಣಹಾಕಿದರು.

ಮಧ್ಯಾಹ್ನ ಪಕ್ಕದ ಬೀದಿಯಲ್ಲಿ ಕಸೂತಿ ಮಷಿನ್ ಓಡಿಸುವ ಒಬ್ಬರ ಮನೆಗೆ ಕರೆದುಕೊಂಡು ಹೋದರು. ಶಾಲೆಯ ಬ್ಯಾಡ್ಜು, ಸಮವಸ್ತ್ರದ ಹೆಸರು ಹೊಲಿಯುವುದು ಅವರ ದಿನದ ಕೆಲಸ. ನಡುವೆ ಕಲಾವಿದರ ಚಿತ್ರಗಳನ್ನೂ ಹೊಲಿದು ಕೊಡುತ್ತಾರೆ. 1977ರಲ್ಲಿ ಜೋಗ್ಜಾದಲ್ಲೇ ಹುಟ್ಟಿದ ಕಲಾವಿದ ಏಕೊ ನುಗ್ರೊಹೊ ಕಸೂತಿಯನ್ನು ಹೀಗೆ ದೊಡ್ಡ ಗ್ಯಾಲರಿಗಳಿಗೆ ಒಯ್ದವರು. 2000ದಲ್ಲಿ ಜೆರಾಕ್ಸ್ ಮಾಡಿದ ಕಾಮಿಕ್ಸ್ ಪತ್ರಿಕೆ ‘ದಾಗಿಂಗ್ ತುಂಬುಹ್’ ಶುರು ಮಾಡಿದರು, 2013ಕ್ಕೆ ವೆನಿಸ್‌ನಲ್ಲಿ ಇಂಡೋನೇಷ್ಯಾದ ಮಂಟಪದಲ್ಲಿದ್ದರು. ಕಸೂತಿಯವರಿಗೆ ಯಾವ ಚಿತ್ರ ಕಷ್ಟ ಅಂತ ಕೇಳಿದೆ. ‘ಕಣ್ಣು ಜಾಸ್ತಿ ಇರೋದು. ಒಂದು ಕಣ್ಣು ತಪ್ಪಿದರೂ ಮುಖ ಕೋಪ ಮಾಡಿಕೊಳ್ಳುತ್ತೆ’ ಅಂದರು.

ಶನಿವಾರ: ಗಾಂಪಿಂಗಾನ್‌ನ ಹಳೆ ಕಾಲೇಜು

ಜೋಗ್ಜಾ ನ್ಯಾಷನಲ್ ಮ್ಯೂಸಿಯಂ ಇರುವ ಕಟ್ಟಡ 1950ರಲ್ಲಿ ಶುರುವಾದ ಕಲಾ ಅಕಾಡೆಮಿ ಆಸ್ರಿಯದು. ಜೂನ್ ಆದ ಮೇಲೆ ಬಂದರೆ ಆರ್ಟ್‌ಜೊಗ್ ಉತ್ಸವ ಇಲ್ಲೇ ನಡೆಯುತ್ತಿರುತ್ತದೆ, ಕಾಲಿಡಲು ಜಾಗ ಇರುವುದಿಲ್ಲವಂತೆ. ನಮಗೆ ಸಿಕ್ಕಿದ್ದು ಖಾಲಿ ಅಂಗಳ, ದೊಡ್ಡ ಮರ, ಮಳೆ.

ಈ ಅಂಗಳದಲ್ಲಿ ಕಲಾವಿದ ಎಫ್.ಎಕ್ಸ್. ಹರ್ಸೊನೊ ಓದಿದ್ದರು. 1974ರ ಡಿಸೆಂಬರ್ 31ರಂದು ಕೆಲವು ಯುವಕರು ಜಕಾರ್ತಾದ ದೊಡ್ಡ ಚಿತ್ರ ಪ್ರದರ್ಶನಕ್ಕೆ ಒಂದು ಶವಹಾರ ಕಳಿಸಿದರು, ‘ನಮ್ಮ ಚಿತ್ರಕಲೆಯ ಸಾವಿಗೆ ಸಂತಾಪ’ ಅಂತ ಬರೆದು. ಜೊತೆಯಲ್ಲಿದ್ದ ಹರ್ಸೊನೊ ಕಾಲೇಜಿನಿಂದ ಹೊರಬಿದ್ದರು. ಮರುವರ್ಷ ಗೆಳೆಯರ ಜೊತೆ ಹೊಸ ಕಲಾ ಚಳವಳಿ ಶುರು ಮಾಡಿದರು. ಮರದ ಪೆಟ್ಟಿಗೆಯೊಳಗೆ ಪ್ಲಾಸ್ಟಿಕ್ ಬಂದೂಕು ಇಟ್ಟು ತೋರಿಸಿದ್ದು ಆಗಲೇ.

ಆದರೆ ನನ್ನನ್ನು ಅಲುಗಾಡಿಸುವುದು ಅವರ ಇತ್ತೀಚಿನ ಕೆಲಸ. ಹರ್ಸೊನೊ 1949ರಲ್ಲಿ ಬ್ಲಿತಾರ್‌ನಲ್ಲಿ ಹುಟ್ಟಿದ್ದು ಓಹ್ ಹೊಂಗ್ ಬೂನ್ ಎಂಬ ಹೆಸರಲ್ಲಿ. ಚೀನೀ ಮೂಲದವರು ಹೆಸರು ಬದಲಿಸಿಕೊಳ್ಳಬೇಕು ಎಂಬ ಒತ್ತಡ 1966ರ ನಂತರ ಜೋರಾಯಿತು, ಹುಡುಗ ಹೆಸರು ಬಿಟ್ಟ. ಅವರ ತಂದೆ ಫೋಟೋಗ್ರಾಫರ್. 1948-49ರಲ್ಲಿ ಕೊಂದು ಹೂತಿದ್ದ ಚೀನೀಯರ ಮೂಳೆಗಳನ್ನು ಆಮೇಲೆ ಅಗೆದು ತೆಗೆಯುವಾಗ ಫೋಟೋ ತೆಗೆದವರು. ಮಗ ಆ ಫೋಟೋಗಳ ಜಾಡು ಹಿಡಿದು ಗೋರಿಗಳಿಗೆ ಹೋಗಿ, ಕಲ್ಲಿನ ಮೇಲಿನ ಹೆಸರುಗಳನ್ನು ಬಟ್ಟೆಗೆ ಉಜ್ಜಿ ಇಳಿಸಿಕೊಂಡರು. 2011ರ ಒಂದು ವಿಡಿಯೊದಲ್ಲಿ ಗಾಜಿನ ಮೇಲೆ ತಮ್ಮ ಚೀನೀ ಹೆಸರನ್ನು ಕುಂಚದಲ್ಲಿ ಬರೆಯುತ್ತಾ ಹೋಗುತ್ತಾರೆ. ಮೇಲಿಂದ ನೀರು ಬೀಳುತ್ತದೆ, ಶಾಯಿ ತೊಳೆದು ಹೋಗುತ್ತದೆ, ಅವರು ಬರೆಯುವುದನ್ನು ನಿಲ್ಲಿಸುವುದಿಲ್ಲ. ತಂಗಿ ಅದನ್ನು ಅಲ್ಲೇ ಮೆಟ್ಟಿಲ ಮೇಲೆ ಫೋನಿನಲ್ಲಿ ಮತ್ತೊಮ್ಮೆ ಹಾಕಿದಳು. ಸುತ್ತ ಮಳೆಯ ಸದ್ದು ಎಷ್ಟಿತ್ತೆಂದರೆ ವಿಡಿಯೊದ ನೀರು ಯಾವುದು, ಅಂಗಳದ್ದು ಯಾವುದು ತಿಳಿಯಲಿಲ್ಲ.

ಕಾಲೇಜು ಸೆವೊನ್‌ಗೆ ಹೋದ ಮೇಲೆ ಪಾಳು ಬಿದ್ದ ಇದೇ ಕಟ್ಟಡದಲ್ಲಿ 1998ರ ಡಿಸೆಂಬರ್‌ನಲ್ಲಿ ತಾರಿಂಗ್ ಪಾದಿ ಗುಂಪು ಹುಟ್ಟಿತು. ಸುಹಾರ್ತೊ ಇಳಿದು ಏಳು ತಿಂಗಳಾಗಿತ್ತು. ಕೆಲಸಕ್ಕೆ ಒಬ್ಬೊಬ್ಬರ ಸಹಿ ಇಲ್ಲ, ಗುಂಪಿನ ಹೆಸರು ಮಾತ್ರ. ನಿನ್ನೆ ನೋಡಿದ ಕಾಲಿನ ಅಚ್ಚು, ರಟ್ಟಿನ ಗೊಂಬೆ, ಎಲ್ಲ ಇವರ ಕೈಯಲ್ಲಿ ಬೆಳೆದದ್ದು. 2022ರಲ್ಲಿ ಜರ್ಮನಿಯ ಕಾಸೆಲ್‌ನಲ್ಲಿ ಇವರ 2002ರ ಒಂದು ದೊಡ್ಡ ಬ್ಯಾನರ್‌ನಲ್ಲಿ ಯಹೂದಿಗಳನ್ನು ಹೀಗಳೆಯುವ ಚಿತ್ರಗಳಿವೆ ಅಂತ ಅದನ್ನು ಮೊದಲು ಮುಚ್ಚಿ, ಆಮೇಲೆ ಇಳಿಸಿದರು. ಗುಂಪು ಕ್ಷಮೆ ಕೇಳಿತು. ಆ ಚಿತ್ರ ನೋಯಿಸಿತು, ಕ್ಷಮೆ ಕೇಳಿದ್ದು ಸರಿ. ಅಷ್ಟೇ ಮನಸ್ಸಿನಿಂದ ಹೇಳುತ್ತೇನೆ, ರೈತರ ಜಮೀನಿಗಾಗಿ ಇವರು ಹಳ್ಳಿ ಹಳ್ಳಿಯಲ್ಲಿ ಮಾಡಿದ ಕೆಲಸ ಆ ಒಂದು ಬ್ಯಾನರಿನ ಅಡಿಯಲ್ಲಿ ಮುಚ್ಚಿಹೋಗಬಾರದು.

ರಾತ್ರಿ ತುಗು ಸ್ಟೇಷನ್ ಹತ್ತಿರ ಕೊಪಿ ಜೊಸ್ ಕುಡಿದೆವು. ಕುದಿಯುವ ಕಾಫಿಗೆ ಕೆಂಡವನ್ನೇ ಹಾಕುತ್ತಾರೆ, ಚುಂಯ್ ಅನ್ನುತ್ತದೆ. ಚಾಪೆಯ ಮೇಲೆ ಪಕ್ಕದಲ್ಲಿ ಕೂತ ಕಲಾ ವಿದ್ಯಾರ್ಥಿನಿಗೆ ಇಷ್ಟೊಂದು ಚಿತ್ರಕಾರರು ಹೊಟ್ಟೆಗೆ ಏನು ಮಾಡುತ್ತಾರೆ ಅಂತ ಕೇಳಿದೆ. ಬಾಡಿಗೆ ಹಂಚಿಕೊಳ್ಳುತ್ತೇವೆ, ಹಲಗೆ ಹಂಚಿಕೊಳ್ಳುತ್ತೇವೆ, ಒಬ್ಬರ ಚಿತ್ರ ಮಾರಾಟವಾದರೆ ಮನೆಯ ಅಕ್ಕಿ ಬರುತ್ತದೆ ಅಂದಳು. ಈ ಸೀಸನ್‌ನಲ್ಲಿ ಅಕ್ಕಿ ತಂದವಳು ತಾನೇ ಅಂತ ಹೆಮ್ಮೆಯಿಂದ ಸೇರಿಸಿದಳು.

ಭಾನುವಾರ: ಮಗೆಲಾಂಗ್

ಕಾರು ಮಾಡಿಕೊಂಡು ಬೊರೊಬುದುರ್ ನೋಡಿ ಮಗೆಲಾಂಗ್‌ಗೆ ಹೋದೆವು. ಸ್ತೂಪದ ಮೇಲೆ ಹತ್ತುವವರ ಸಂಖ್ಯೆಗೆ ಮಿತಿ ಇದೆ, ಟಿಕೆಟ್ ಮೊದಲೇ ಮಾಡಿಸಿಕೊಳ್ಳಬೇಕು, ಅವರು ಕೊಡುವ ಹೆಣೆದ ಚಪ್ಪಲಿಯನ್ನೇ ಹಾಕಬೇಕು. ಅದರ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ.

ಮಗೆಲಾಂಗ್‌ನಲ್ಲಿ ಓಎಚ್‌ಡಿ ಮ್ಯೂಸಿಯಂ ಇದೆ. ಓಯಿ ಹೊಂಗ್ ಜಿಯೆನ್ ವೈದ್ಯಕೀಯ ಓದಿ, ತಂಬಾಕಿನ ಎಲೆಯ ದರ್ಜೆ ನಿರ್ಧರಿಸುವ ವೃತ್ತಿ ಹಿಡಿದವರು. ಎಲೆ ಮೂಸಿ, ಮುಟ್ಟಿ ಬೆಲೆ ಹೇಳುವ ಕೆಲಸ. ಅದರಿಂದ ಬಂದ ಹಣದಲ್ಲಿ ದೇಶದ ಚಿತ್ರಗಳನ್ನು ಕೊಂಡು ಕೊಂಡು, 2012ರಲ್ಲಿ ಜನರಿಗೆ ಬಾಗಿಲು ತೆರೆದರು. ವಾರದಲ್ಲಿ ಒಂದು ದಿನ ರಜೆ ಇರುತ್ತದೆ, ವಿಚಾರಿಸಿಕೊಂಡು ಹೋಗಿ.

ನಮ್ಮ ಡ್ರೈವರ್ ಪಕ್ಕದ ತೆಮಂಗುಂಗ್ ಕಡೆಯವರು, ತಂಬಾಕು ಬೆಳೆಗಾರರ ಮಗ. ಸುಗ್ಗಿಯಲ್ಲಿ ದರ್ಜೆ ಹೇಳುವವರು ಎಲೆಯನ್ನು ಮೂಗಿಗೆ ಹಿಡಿದಾಗ ಅಪ್ಪ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರಂತೆ. ಈ ಮ್ಯೂಸಿಯಂ ಗೇಟಿಗೆ ಎಷ್ಟೋ ಸಲ ಪ್ರವಾಸಿಗರನ್ನು ಬಿಟ್ಟಿದ್ದರು, ಒಳಗೆ ಬಂದಿರಲಿಲ್ಲ. ತಂಗಿ ಅವರಿಗೂ ಟಿಕೆಟ್ ತೆಗೆದುಕೊಂಡಳು.

ಹೆಂದ್ರಾ ಗುನಾವಾನ್ ಚಿತ್ರದ ಮುಂದೆ ಅವರು ನಿಂತರು. ಅಫಾಂಡಿಯ ಬಾಂಡುಂಗ್ ಗೆಳೆಯ ಹೆಂದ್ರಾ, ಎಡಪಂಥದ ಸಂಘಟನೆಯಲ್ಲಿದ್ದ ಕಾರಣಕ್ಕೆ 1965ರಿಂದ 1978ರವರೆಗೆ ಜೈಲಿನಲ್ಲಿದ್ದರು, ಜೈಲಿನೊಳಗೇ ಬರೆದರು. ಸಂತೆಯ ಹೆಂಗಸರು, ಕೆಂಪು ನೀಲಿ ಬಟ್ಟೆ, ಮಕ್ಕಳು, ಮೀನು. ಡ್ರೈವರ್ ಬಗ್ಗಿ ಕಾಲುಗಳನ್ನೇ ನೋಡಿದರು. ಅಗಲ ಪಾದ, ಬಿಚ್ಚಿಕೊಂಡ ಬೆರಳು. ‘ಇದು ಚಪ್ಪಲಿ ಹಾಕದ ಕಾಲು. ನಮ್ಮ ಅಮ್ಮನದು ಹೀಗೇ ಇದೆ’ ಅಂದರು. ಜೈಲಿನಲ್ಲಿ ಕೂತು ಇಷ್ಟು ಸರಿಯಾಗಿ ಹೇಗೆ ನೆನಪಿತ್ತು ಅಂತ ಕಾವಲಿನವರನ್ನು ಎರಡೆರಡು ಸಲ ಕೇಳಿದರು. ಮೇಲಿನ ಕೋಣೆಗಳಲ್ಲಿ ಹೊಸಬರ ಕೆಲಸ ಇತ್ತು. ಅಲ್ಲಿಗೆ ನಾವಿಬ್ಬರೇ ಹೋಗಿ ಬಂದೆವು, ಅವರು ಇನ್ನೂ ಅಲ್ಲೇ ಇದ್ದರು.

ಊಟಕ್ಕೆ ಕುಪಾತ್ ತಾಹು. ಅನ್ನದ ಗಟ್ಟಿ, ಕರಿದ ತೋಫು, ಎಲೆಕೋಸು, ಕಡಲೇಕಾಯಿ ಸಾರು, ಖಾರ ಎಷ್ಟು ಬೇಕು ಅಂತ ಕೇಳಿಯೇ ಅರೆಯುತ್ತಾರೆ. ತಟ್ಟೆ ಪಕ್ಕಕ್ಕೆ ಸರಿಸಿ ಡ್ರೈವರ್ ಫೋನ್ ತೆಗೆದರು. ಮಗಳು ಚಿತ್ರ ಬರೆಯುತ್ತಾಳೆ, ಮುಂದಿನ ವರ್ಷ ಸೆವೊನ್ ಕಾಲೇಜಿಗೆ ಸೇರಬೇಕು ಅನ್ನುತ್ತಾಳೆ, ಬೇಡ ಅಂತ ಹೇಳುತ್ತಾ ಬಂದಿದ್ದೇನೆ, ಟೀಚರ್ ಒಂದು ಸಲ ನೋಡಬೇಕು ಅಂದರು. ತಂಗಿ ಕನ್ನಡಕ ಹಾಕಿಕೊಂಡು ಒಂದೊಂದೇ ಚಿತ್ರ ದೊಡ್ಡದು ಮಾಡಿ ನೋಡಿದಳು. ಕೈಬೆರಳು ಇನ್ನೂ ಬರಬೇಕು, ದಿನಾ ಹತ್ತು ಕೈ ಬರೆಯಲಿ, ಅರ್ಜಿ ಮಾತ್ರ ಈ ವರ್ಷವೇ ಹಾಕಲಿ ಅಂದಳು.